ಎಂ.ಬಿ.ಎ. ಸೀಟಿನ ಲೆಕ್ಕಾಚಾರ

ಪದವಿಯ ಕೊನೆಯ ವರ್ಷ ಕೋಚಿಂಗ್‌ಗೆ ಸೇರಿ ‘ಕ್ಯಾಟ್’ ಬರೆದರೆ ಸಾಕು, ಬೆಂಗಳೂರಿನ ಐ.ಐ.ಎಂ.ನಲ್ಲಿ ಸೀಟು ಸಿಕ್ಕೇಬಿಡುತ್ತದೆ ಎಂದು ನಂಬಿದ ಪಾಲಕರು ಬಹಳ. ಆದರೆ 1973ರಲ್ಲಿ ಆರಂಭವಾದ ಈ ಸಂಸ್ಥೆ ಅಭ್ಯರ್ಥಿಗಳನ್ನು ಸಂದರ್ಶನಕ್ಕೆ ಆರಿಸುವಾಗ ಕ್ಯಾಟ್ ಜೊತೆಗೆ ಹತ್ತನೆಯ ತರಗತಿ, ಪಿ.ಯು.ಸಿ. ಮತ್ತು ಪದವಿಯ ಅಂಕಗಳನ್ನೂ ತೂಗಿ ನೋಡುತ್ತದೆ. ಟ್ರಂಕಿನ ತಳ ಸೇರಿದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಆಗ ಮತ್ತೆ ಜೀವ ಬರುತ್ತದೆ!

ಇನ್ನು ‘ಪರ್ಸೆಂಟೈಲ್’. ಇದು ಶೇಕಡಾವಾರು ಅಂಕವಲ್ಲ. ಮಗಳಿಗೆ 90 ಪರ್ಸೆಂಟೈಲ್ ಬಂತೆಂದರೆ ಪರೀಕ್ಷೆ ಬರೆದ ಪ್ರತಿ 100 ಮಂದಿಯಲ್ಲಿ ಸುಮಾರು 90 ಮಂದಿ ಆಕೆಗಿಂತ ಹಿಂದಿದ್ದಾರೆ ಎಂದರ್ಥ. ಸಂತೋಷವೇ. ಆದರೆ 2 ಲಕ್ಷ ಮಂದಿ ಬರೆದಿದ್ದರೆ ಸುಮಾರು 20 ಸಾವಿರ ಮಂದಿ ಆಕೆಗಿಂತ ಮುಂದಿದ್ದಾರೆ. ಪೇಡ ಹಂಚುವ ಮುನ್ನ ಈ ಲೆಕ್ಕವನ್ನೂ ಮಾಡಬೇಕು.

ಐ.ಐ.ಎಂ. ಒಂದೇ ದಾರಿಯೇನಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿ.ಜಿ.ಸಿ.ಇ.ಟಿ. ಬರೆದು ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ, ಖಾಸಗಿ ಕಾಲೇಜುಗಳ ಸರ್ಕಾರಿ ಸೀಟುಗಳಲ್ಲಿ ಎಂ.ಬಿ.ಎ. ಸೇರಬಹುದು. ಖಾಸಗಿ ಕಾಲೇಜಾದರೆ ಗಾಜಿನ ಕಟ್ಟಡಕ್ಕೆ ಮರುಳಾಗದೆ ಕಾಯಂ ಅಧ್ಯಾಪಕರೆಷ್ಟು ಎಂದು ವಿಚಾರಿಸಬೇಕು. ಜಾಹೀರಾತಿನಲ್ಲಿ ಮಿಂಚುವ ‘ಅತಿ ಹೆಚ್ಚಿನ ಸಂಬಳ’ ಒಬ್ಬನದು. ಕೆಲಸ ಸಿಕ್ಕವರನ್ನು ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನಿಗೆ ಎಷ್ಟು, ಕೆಲಸವೇ ಸಿಗದವರೆಷ್ಟು? ಈ ಎರಡು ಸಂಖ್ಯೆ ಹೇಳಲು ತಡವರಿಸುವ ಕಾಲೇಜಿಗಾಗಿ ಅಪ್ಪ ಹೊಲದ ಪತ್ರ ಅಡವಿಡುವುದು ಬೇಡ.

ಮೊದಲ ಸಲ ಸೀಟು ತಪ್ಪಿದವರು ನೌಕರಿಗೆ ಸೇರಬಹುದು. ಕ್ಯಾಟ್‌ಗೆ ವಯೋಮಿತಿಯಿಲ್ಲ, ಬೆಂಗಳೂರಿನ ಐ.ಐ.ಎಂ. ಆಯ್ಕೆಯ ವೇಳೆ ಕೆಲಸದ ಅನುಭವವನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ.