ಆರು ತಂತಿ, ಆರು ಕಚ್ಚು

ನಮ್ಮ ಅನೇಕ ಮನೆಗಳ ಮೂಲೆಯಲ್ಲಿ ಗಿಟಾರೊಂದು ಗೋಡೆಗೊರಗಿ ನಿಂತಿರುತ್ತದೆ. ಆದಿತ್ಯವಾರದ ಬಲಿಪೂಜೆಗೆ ಅದನ್ನು ಹೊತ್ತೊಯ್ಯುವ ಮಕ್ಕಳು ಶ್ರುತಿ ನಿಲ್ಲುವುದಿಲ್ಲವೆಂದು ದೂರುತ್ತಾರೆ. ಹಿರಿಯರು ಹೊಸ ತಂತಿ ತಂದುಕೊಡುತ್ತಾರೆ. ಎಷ್ಟೋ ಬಾರಿ ದೋಷ ತಂತಿಯದಲ್ಲ, ತಂತಿ ಕೂರುವ ಕಚ್ಚಿನದು.

ಗಿಟಾರಿನ ಕತ್ತಿನ ತುದಿಯಲ್ಲಿ, ಬಿರಡೆಗಳಿಗೆ ಸ್ವಲ್ಪ ಮೊದಲು, ಎಲುಬಿನ ಅಥವಾ ಪ್ಲಾಸ್ಟಿಕ್ಕಿನ ಕಿರುಪಟ್ಟಿಯೊಂದಿದೆ. ಅದೇ ನಟ್. ಆರು ತಂತಿಗಳೂ ಅದರ ಆರು ಕಚ್ಚುಗಳಲ್ಲಿ ಕುಳಿತು ಸಾಗುತ್ತವೆ. ಕಚ್ಚಿನ ಆಳ ಸಾಲದಿದ್ದರೆ ಮೊದಲ ಫ್ರೆಟ್ಟಿನಲ್ಲಿ ಒತ್ತುವ ಬೆರಳು ನೋಯುತ್ತದೆ, ಸ್ವರವೂ ಏರುತ್ತದೆ. ಆಳ ಮಿತಿಮೀರಿದರೆ ಒತ್ತದೆ ಮೀಟಿದ ತಂತಿ ಮೊದಲ ಫ್ರೆಟ್ಟಿಗೆ ತಗುಲಿ ಗಿರ್ರೆನ್ನುತ್ತದೆ. ಕಚ್ಚು ಇಕ್ಕಟ್ಟಾದರೆ ತಂತಿ ಅದರಲ್ಲಿ ಸಿಲುಕಿ, ಬಿರಡೆ ತಿರುಗಿಸಿದಾಗ ಟಿಂಗೆಂದು ಜಿಗಿದು ಶ್ರುತಿ ಕೆಡುತ್ತದೆ.

ನಾವೇ ಒಮ್ಮೆ ಕ್ರಿಸ್ಮಸ್ಸಿನ ಹಿಂದಿನ ದಿನ, ತಮ್ಮನ ಮಗನ ಗಿಟಾರನ್ನು ಸರಿಪಡಿಸಲು ಹೋಗಿ ಕಬ್ಬಿಣ ಕೊಯ್ಯುವ ಗರಗಸದ ಅಲಗಿನಿಂದ ಮೊದಲ ತಂತಿಯ ಕಚ್ಚನ್ನು ಉಜ್ಜಿದೆವು. ಸಾಮಾನ್ಯವಾದ ತೆಳು ಉಕ್ಕಿನ ತಂತಿಗಳ ಜೋಡಣೆಯಲ್ಲಿ ಮೊದಲನೆಯದು ಸುಮಾರು 0.30 ಮಿಲಿಮೀಟರ್, ಆರನೆಯದು ಸುಮಾರು 1.35 ಮಿಲಿಮೀಟರ್ ದಪ್ಪ. ಒಂದೇ ಅಲಗು ಎಲ್ಲಕ್ಕೂ ಹೊಂದೀತೇ? ಕಚ್ಚು ಅಗಲವೂ ಆಯಿತು, ಆಳವೂ ಆಯಿತು. ಆ ರಾತ್ರಿ ಹುಡುಗ ನಮ್ಮನ್ನು ಏನೂ ಅನ್ನದೆ ಐದೇ ತಂತಿಗಳಲ್ಲಿ ನುಡಿಸಿದ. ಅವನು ಬೈದಿದ್ದರೆ ನಮಗೆ ಹಗುರವೆನಿಸುತ್ತಿತ್ತು.

ಬಲ್ಲವರು ಆಮೇಲೆ ಎಲುಬಿನ ಪುಡಿ ಮತ್ತು ಕ್ಷಣದಲ್ಲಿ ಅಂಟುವ ಗೋಂದಿನಿಂದ ಕಚ್ಚನ್ನು ತುಂಬಿ, ಹೊಸದಾಗಿ ಕೊರೆದುಕೊಟ್ಟರು. ಅವರ ಕ್ರಮ ಹೀಗಿತ್ತು: ತಂತಿಯ ದಪ್ಪಕ್ಕಿಂತ ತುಸುವೇ ಅಗಲವಾದ ಅರ, ಬಿರಡೆಯ ಕಡೆಗೆ ಇಳಿಜಾರು, ದಪ್ಪ ತಂತಿಗಳ ಅರ್ಧಭಾಗ ಮಾತ್ರ ಕಚ್ಚಿನೊಳಗೆ. ಎರಡು ಮೂರು ಬಾರಿ ಅರ ಎಳೆದು, ತಂತಿ ಬಿಗಿದು, ಎರಡನೆಯ ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಒತ್ತಿ ನೋಡುವರು. ಆಗ ಮೊದಲ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಎಡೆ ಉಳಿದರೆ ಅರವನ್ನು ಕೆಳಗಿಡುವರು. ಕೊನೆಗೆ ಕಚ್ಚಿಗೆ ಪೆನ್ಸಿಲ್ ಸೀಸ ಸವರಿದರು. ತಂತಿ ಸರಾಗವಾಗಿ ಜಾರಲು ಅದು ಸಾಕು.

ಇನ್ನೊಂದು ತುದಿಯಲ್ಲಿ, ಬ್ರಿಜ್ಜಿನ ಮೇಲೆ ತಂತಿಗಳನ್ನು ಹೊರುವ ಸ್ಯಾಡಲ್ ಎಂಬ ಪಟ್ಟಿಗೆ, ಸಾಧಾರಣ ಮರದ ಗಿಟಾರಿನಲ್ಲಿ ಕಚ್ಚು ಬೇಕಾಗುವುದೇ ವಿರಳ. ಅಲ್ಲಿ ಅರಕ್ಕೆ ಕೆಲಸವಿಲ್ಲ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ: ಮುಂದಿನ ಬಾರಿ ಹೊಸ ತಂತಿ ಕೊಳ್ಳುವ ಮುನ್ನ ನಟ್ಟನ್ನು ಒಮ್ಮೆ ನೋಡಿರಿ. ಕೈಗೆ ಅರ ತೆಗೆದುಕೊಂಡರೆ ಹಬ್ಬಕ್ಕೆ ಇನ್ನೂ ಒಂದು ತಿಂಗಳು ಇರುವಾಗ ತೆಗೆದುಕೊಳ್ಳಿರಿ.