ಕೋಟೆಯ ಶಿಕ್ಷಕರು ಕಟ್ಟಿದ ‘ನಲಿ–ಕಲಿ’

ಮೈಸೂರಿನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮಾತು ಬಂದರೆ ಮೊದಲು ಕೇಳುವುದು ದಾಖಲಾತಿಯ ಚಿಂತೆ. ಮಕ್ಕಳು ಕಡಿಮೆಯಾದರೆಂದು ಶಿಕ್ಷಕರ ಹುದ್ದೆ ಹೋಗುತ್ತದೆ, ಶಿಕ್ಷಕರಿಲ್ಲವೆಂದು ಉಳಿದ ಮಕ್ಕಳೂ ಹೋಗುತ್ತಾರೆ. ಈ ಸುಳಿಗೆ ಶಿಕ್ಷಕರೇ ಹುಡುಕಿದ ಉತ್ತರವೊಂದು ಇದೇ ಜಿಲ್ಲೆಯಲ್ಲಿದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನೊಂದಿಗೆ ‘ನಲಿ–ಕಲಿ’ ಶುರುವಾಯಿತು. ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಇಲ್ಲಿನ ಶಿಕ್ಷಕರು, ಪಾಠಗಳನ್ನು ಬಿಡಿಬಿಡಿಯಾಗಿ ಒಡೆದು, ತಾವೇ ಕಾರ್ಡುಗಳನ್ನು ಬರೆದರು. ಮೇಲಿನಿಂದ ಬಂದ ಪಠ್ಯವನ್ನು ಒಪ್ಪಿಸುವ ಕೆಲಸದಿಂದ ಪಠ್ಯವನ್ನೇ ಕಟ್ಟುವ ಕೆಲಸಕ್ಕೆ ಅವರು ಬಂದದ್ದು ಈ ಪದ್ಧತಿಯ ಜೀವಾಳ.

ನಲಿ–ಕಲಿ ತರಗತಿಯಲ್ಲಿ ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂಬ ಸಾಲುಗಳಿಲ್ಲ. ಮಕ್ಕಳು ನೆಲದ ಮೇಲೆ ‘ತಟ್ಟೆ’ಗಳೆಂಬ ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರೇ ಕಲಿಸಿದರೆ, ಇನ್ನೊಂದರಲ್ಲಿ ಗೆಳೆಯರು ಗೆಳೆಯರಿಗೆ ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಅಭ್ಯಾಸ ಮಾಡುತ್ತದೆ. ಅಕ್ಷರ ಕಲಿಕೆ ‘ಅ, ಆ’ದಿಂದ ಹೊರಡದೆ ‘ರ, ಗ, ಸ, ದ, ಅ’ ಎಂದು ಸಾಗುತ್ತದೆ. ‘ರ’ ತಿದ್ದಿದ ಕೈಗೆ ಮುಂದಿನ ತಿರುವು ಸುಲಭ, ನಾಲ್ಕಾರು ಅಕ್ಷರ ಬಂದೊಡನೆ ಪದ ಓದುವ ಖುಷಿಯೂ ಸಿಗುತ್ತದೆ. ಪಾಠದ ಮೆಟ್ಟಿಲುಗಳನ್ನು ಕ್ರಮವಾಗಿ ತೋರುವ ಕಲಿಕಾ ಏಣಿಯ ಮೇಲೆ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬುದು ಗೋಡೆಯ ‘ಪ್ರಗತಿ ನೋಟ’ದಲ್ಲಿ ಕಾಣುತ್ತದೆ. ಕೋಟೆಯ ಬುಡಕಟ್ಟು ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವ ಕುಟುಂಬಗಳ ಮಕ್ಕಳು ವಾರಗಟ್ಟಲೆ ಶಾಲೆ ತಪ್ಪಿಸಿಕೊಳ್ಳುತ್ತಾರೆ. ಅಂಥ ಮಗು ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು.

ಹೀಗೆ ತರಗತಿಗಳನ್ನು ಬೆರೆಸುವುದು ಶಿಕ್ಷಕರ ಕೊರತೆಯನ್ನು ಮುಚ್ಚುವ ಉಪಾಯ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವಿದೆ: ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರೇ ಶಿಕ್ಷಕರು ಸಾಕು. ಆದರೆ ಐದು ತರಗತಿಗೆ ಇಬ್ಬರೇ ಇರುವಲ್ಲಿ ತರಗತಿಗಳು ಬೆರೆಯುವುದು ಅನಿವಾರ್ಯ. ಹೀಗೆ ಬೆರೆತಾಗ ಪದ್ಧತಿಯಿಲ್ಲದೆ ಕಲಿಸುವುದೇ ಹೆಚ್ಚು ಹಾನಿಕರ. ತಂದೆತಾಯಿಗೆ ಬೇಕಿರುವುದು ಇಂಗ್ಲಿಷ್, ಎಲ್‌ಕೆಜಿ ಎಂಬ ಮಾತೂ ನಿಜ. ಮಗುವನ್ನು ಮೂರು–ನಾಲ್ಕನೇ ವಯಸ್ಸಿಗೇ ಖಾಸಗಿ ಶಾಲೆಗೆ ಸೇರಿಸಿದವರು ಆರನೇ ವಯಸ್ಸಿಗೆ ಸರ್ಕಾರಿ ಶಾಲೆಗೆ ಹಿಂದಿರುಗುವುದು ಅಪರೂಪ. 2019–20ರಲ್ಲಿ ಸರ್ಕಾರ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದದ್ದು ಈ ಒತ್ತಡಕ್ಕೇ. ಆದರೆ ಮಾಧ್ಯಮ ಬದಲಾದ ಮಾತ್ರಕ್ಕೆ ಬೋಧನೆ ಸುಧಾರಿಸುವುದಿಲ್ಲ. ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡುವ ಮಗು ಎರಡೂ ಭಾಷೆಗಳಲ್ಲಿ ಹಿಂದೆ ಬೀಳುತ್ತದೆ.

ನಲಿ–ಕಲಿಯ ನಿಜವಾದ ದೌರ್ಬಲ್ಯ ಬೇರೆ ಕಡೆಯಿದೆ. 2009–10ರಲ್ಲಿ ಅದು ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ಕೋಟೆಯಲ್ಲಿ ಕಾರ್ಡು ಬರೆದವರೇ ಕಲಿಸಿದ್ದರು. ಉಳಿದೆಡೆ ಕಾರ್ಡಿನ ಪೆಟ್ಟಿಗೆ ತಲುಪಿತು, ಬರೆಯುವ ಸ್ವಾತಂತ್ರ್ಯ ತಲುಪಲಿಲ್ಲ. ಶಿಕ್ಷಕರು ತಮ್ಮ ಊರಿನ ಮಕ್ಕಳಿಗೆ ತಕ್ಕಂತೆ ಕಾರ್ಡು ತಿದ್ದುವ ಅಧಿಕಾರವನ್ನು ಪಡೆಯಬೇಕು. ದಾಖಲೆ ತುಂಬುವ ಹೊರೆ ಅವರಿಗೆ ಇಳಿಯಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಬಡಾವಣೆಯ ತಂದೆತಾಯಿಯನ್ನು ತರಗತಿಗೇ ಕರೆತಂದು ಪ್ರಗತಿ ನೋಟದ ಮುಂದೆ ನಿಲ್ಲಿಸಲಿ. ಮಕ್ಕಳ ಸಂಖ್ಯೆ ನೋಡಿ ಶಾಲೆಗೆ ಬೀಗ ಹಾಕುವ ಮುನ್ನ, ಅಲ್ಲಿ ಕಲಿಸುವವರಿಗೆ ನಾವು ಏನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳೋಣ. ಈ ಸಲ ಮಗುವನ್ನು ಶಾಲೆಗೆ ಸೇರಿಸಲು ಹೊರಟವರು ನಿಮ್ಮ ಬೀದಿಯ ಸರ್ಕಾರಿ ಶಾಲೆಯೊಳಗೆ ಅರ್ಧ ದಿನ ಕೂತು ನೋಡಿ, ಆಮೇಲೆ ತೀರ್ಮಾನಿಸಿ.