ಬಲೂನಿಗೆ ಮುಂಜಾವು, ನೋಡುವವರಿಗೆ ಮಟಮಟ ಮಧ್ಯಾಹ್ನ

ಶಿರಾಳಕೊಪ್ಪದ ಬಳಿಯ ತಾಳಗುಂದವನ್ನು ನಾಡು ಬಲ್ಲದ್ದು ಪ್ರಣವೇಶ್ವರ ಗುಡಿಯ ಮುಂದಿನ ಕಂಬಶಾಸನದಿಂದ, ಕದಂಬರ ಮಯೂರಶರ್ಮನಿಂದ. ಆದರೆ ಬೇಸಿಗೆಯಲ್ಲಿ ಅಲ್ಲಿಯ ಬಯಲಿನಲ್ಲಿ ನಿಂತು ತಲೆಯೆತ್ತಿದರೆ ಬಾನಿನಲ್ಲಿಯೂ ಒಂದು ಪಾಠ ಓದಬಹುದು. ಹೊತ್ತೇರಿ ಹನ್ನೊಂದು ಗಂಟೆಯಾಗುವಾಗ ಹದ್ದೊಂದು ರೆಕ್ಕೆ ಬಡಿಯದೆ, ಬರೀ ಚಾಚಿಕೊಂಡು, ಸುತ್ತು ಸುತ್ತಾಗಿ ಮೇಲೇರುತ್ತದೆ. ಅದನ್ನು ಎತ್ತುತ್ತಿರುವುದು ಕಾದ ನೆಲದಿಂದ ಏಳುವ ಬಿಸಿಗಾಳಿ. ಗಾಳಿ ಕಾದರೆ ಹಿಗ್ಗುತ್ತದೆ, ಹಿಗ್ಗಿದ್ದು ಹಗುರವಾಗುತ್ತದೆ, ಹಗುರಾದದ್ದು ಮೇಲೇಳುತ್ತದೆ. ಬಿಸಿಗಾಳಿ ಬಲೂನಿನ ಗುಟ್ಟೂ ಇಷ್ಟೇ.

ಪಶ್ಚಿಮದ ದೇಶಗಳಲ್ಲಿ ಬೇಸಿಗೆ ಬಂತೆಂದರೆ ಬಲೂನುಗಳ ಜಾತ್ರೆ, ವಿಮಾನಗಳ ಕಸರತ್ತು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬಯಲಿಗೆ ಹೋಗಿ, ಹುಲ್ಲಿನ ಮೇಲೆ ಕುಳಿತು ದಿನವಿಡೀ ನೋಡುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1979ರಲ್ಲಿ ಆರಂಭವಾದ ಬಲೂನು ಉತ್ಸವ ನಡೆಯುವುದು ಆಗಸ್ಟ್ ತಿಂಗಳಲ್ಲಿ. ನಮ್ಮ ಮಕ್ಕಳಿಗೂ ಏಪ್ರಿಲ್, ಮೇ ತಿಂಗಳಲ್ಲಿ ರಜೆ. ಆದರೂ ಯಲಹಂಕದ ಏರೋ ಇಂಡಿಯಾ ನಡೆಯುವುದು ಫೆಬ್ರುವರಿಯಲ್ಲಿ. ತಮಿಳುನಾಡಿನ ಪೊಳ್ಳಾಚಿಯ ಬಲೂನು ಉತ್ಸವ ಜನವರಿಯಲ್ಲಿ. ಬಿಸಿಗಾಳಿಯೇ ಬಲೂನನ್ನು ಎತ್ತುವುದಾದರೆ ನಮ್ಮ ಬೇಸಿಗೆ ಅದಕ್ಕೆ ಹೇಳಿ ಮಾಡಿಸಿದ ಕಾಲವಾಗಬೇಡವೇ?

ಉತ್ತರಕ್ಕೆ ಮೊದಲು ಸ್ವಲ್ಪ ಇತಿಹಾಸ. ಫ್ರಾನ್ಸಿನ ಮಾಂಗೊಲ್ಫಿಯೆ ಸಹೋದರರು ಕಾಗದ ತಯಾರಿಸುವ ಮನೆತನದವರು. 1783ರ ಜೂನ್ 4ರಂದು ಅವರು ಬಟ್ಟೆ ಮತ್ತು ಕಾಗದದ ದೊಡ್ಡ ಚೀಲದ ಕೆಳಗೆ ಬೆಂಕಿ ಹಾಕಿ ಅದನ್ನು ಜನರೆದುರು ಹಾರಿಸಿದರು. ಎತ್ತುವ ಶಕ್ತಿ ಇರುವುದು ಹೊಗೆಯಲ್ಲಿ ಎಂದೇ ಅವರು ನಂಬಿದ್ದರು! ಸೆಪ್ಟೆಂಬರ್ 19ರಂದು ವರ್ಸೇಲ್ಸ್ ಅರಮನೆಯ ಬಳಿ ಹದಿನಾರನೆಯ ಲೂಯಿ ದೊರೆಯ ಎದುರು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಬಲೂನೇರಿ ಕ್ಷೇಮವಾಗಿ ಇಳಿದವು. ನವೆಂಬರ್ 21ರಂದು ಇಬ್ಬರು ಮನುಷ್ಯರು ಪ್ಯಾರಿಸ್ ನಗರದ ಮೇಲೆ ತೇಲಿದರು. ಅದೇ ಅರಮನೆಗೆ, ಅದೇ ದೊರೆಯ ಮುಂದೆ, 1788ರ ಆಗಸ್ಟ್‌ನಲ್ಲಿ ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ ಕಳುಹಿಸಿದ್ದ ರಾಯಭಾರಿಗಳು ಹೋಗಿ ನಿಂತರು. ಮನುಷ್ಯ ಮೊದಲ ಬಾರಿಗೆ ಹಾರಿದ ಕಾಲ ನಮಗೆ ಅಷ್ಟೇನೂ ದೂರದ್ದಲ್ಲ.

ಇಂದಿನ ಬಲೂನಿಗೆ ಹೊಗೆ ಬೇಕಿಲ್ಲ. ನೈಲಾನ್ ಬಟ್ಟೆಯ ಚೀಲ, ಕೆಳಗೆ ಬೆತ್ತದ ಬುಟ್ಟಿ, ನಡುವೆ ಪ್ರೊಪೇನ್ ಅನಿಲದ ಒಲೆ. ಅಮೆರಿಕದ ಎಡ್ ಯೋಸ್ಟ್ 1960ರಲ್ಲಿ ಹಾರಿಸಿ ತೋರಿಸಿದ ಮಾದರಿ ಇದು. ಒಲೆ ಉರಿಸಿದರೆ ಏರುತ್ತದೆ. ನೆತ್ತಿಯಲ್ಲಿರುವ ಕಿಂಡಿಯನ್ನು ಹಗ್ಗ ಎಳೆದು ತೆರೆದರೆ ಬಿಸಿಗಾಳಿ ಹೊರಹೋಗಿ ಇಳಿಯುತ್ತದೆ. ಚುಕ್ಕಾಣಿ ಮಾತ್ರ ಇಲ್ಲ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುತ್ತದೆ. ತನಗೆ ಬೇಕಾದ ಗಾಳಿಯನ್ನು ಹುಡುಕಿಕೊಂಡು ಏರುವುದು, ಇಳಿಯುವುದು, ಇಷ್ಟೇ ಚಾಲಕನ ಕೈಯಲ್ಲಿರುವುದು. ಈ ಸರಳ ಸಾಧನದಲ್ಲಿಯೇ 2005ರ ನವೆಂಬರ್‌ನಲ್ಲಿ ವಿಜಯಪತ್ ಸಿಂಘಾನಿಯಾ ಮುಂಬಯಿಯಿಂದ ಹೊರಟು 21,027 ಮೀಟರ್ ಎತ್ತರಕ್ಕೆ ಏರಿ ವಿಶ್ವದಾಖಲೆ ಮಾಡಿದರು.

ಈಗ ಲೆಕ್ಕಕ್ಕೆ ಬರೋಣ. ಬಲೂನನ್ನು ಎತ್ತುವುದು ಒಳಗಿನ ಬಿಸಿ ಮಾತ್ರವಲ್ಲ, ಒಳಗಿನ ಮತ್ತು ಹೊರಗಿನ ಬಿಸಿಯ ವ್ಯತ್ಯಾಸ. 2,500 ಘನ ಮೀಟರ್ ಗಾತ್ರದ ಬಲೂನೊಂದರ ಒಳಗೆ 100 ಡಿಗ್ರಿ ಸೆಲ್ಸಿಯಸ್ ಬಿಸಿಯಿದೆ ಎನ್ನಿ. ಹೊರಗೆ 20 ಡಿಗ್ರಿ ಇದ್ದರೆ ಸಮುದ್ರಮಟ್ಟದಲ್ಲಿ ಅದು ಬಟ್ಟೆ, ಬುಟ್ಟಿ ಎಲ್ಲ ಸೇರಿ ಸುಮಾರು 645 ಕಿಲೋ ಹೊರಬಲ್ಲದು. ಹೊರಗೆ 35 ಡಿಗ್ರಿಯಾದರೆ ಸುಮಾರು 500 ಕಿಲೋ. ಅಂದರೆ ಬಿಸಿಲೇರಿದ್ದಕ್ಕೆ ಬುಟ್ಟಿಯಿಂದ ಇಬ್ಬರು ಇಳಿಯಬೇಕು! ಜೊತೆಗೆ ಹದ್ದನ್ನು ಎತ್ತುವ ಅದೇ ಬಿಸಿಗಾಳಿ ಬಲೂನನ್ನು ಚಾಲಕನ ಅಂಕೆ ಮೀರಿ ಮೇಲಕ್ಕೂ ಕೆಳಕ್ಕೂ ಎಳೆದಾಡುತ್ತದೆ. ಆದ್ದರಿಂದಲೇ ಬಲೂನು ಹಾರುವುದು ನೆಲ ಇನ್ನೂ ತಂಪಾಗಿರುವ ಮುಂಜಾನೆ, ಇಲ್ಲವೆ ಗಾಳಿ ಶಾಂತವಾಗುವ ಇಳಿಹೊತ್ತಿನಲ್ಲಿ. ಜಾತ್ರೆ, ಉತ್ಸವಗಳಲ್ಲಿ ಹಗ್ಗ ಕಟ್ಟಿದ ಬಲೂನನ್ನು ಮೇಲೇರಿಸಿ ಇಳಿಸುವುದಕ್ಕೂ ಶಾಂತವಾದ ಗಾಳಿಯೇ ಬೇಕು.

ವಿಮಾನಕ್ಕೂ ಬಿಸಿಗಾಳಿ ಮಿತ್ರನಲ್ಲ. ರೆಕ್ಕೆ ಆತುಕೊಳ್ಳುವುದು ಗಾಳಿಯನ್ನೇ; ಗಾಳಿ ತೆಳುವಾದಷ್ಟೂ ಆ ಆಸರೆ ಕಡಿಮೆ. ಎಂಜಿನ್ನಿನ ಬಲವೂ ಕುಗ್ಗುತ್ತದೆ, ರನ್‌ವೇ ಮೇಲೆ ಹೆಚ್ಚು ದೂರ ಓಡಬೇಕಾಗುತ್ತದೆ. ಬೆಂಗಳೂರು ಇರುವುದೇ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿಯ ಗಾಳಿ ಮೊದಲೇ ತೆಳು. ಆದರೆ ವಿಮಾನಕ್ಕೆ ಶಕ್ತಿಯುತ ಎಂಜಿನ್ ಇದೆ. ಬಿಸಿಲನ್ನು ಎದುರಿಸಿಯೂ ಅದು ಹಾರಬಲ್ಲದು. ಹೀಗಾಗಿ ವಿಮಾನ ಪ್ರದರ್ಶನ ಬಲೂನಿನಂತೆ ಮುಂಜಾವಿಗೆ ಕಾಯುವುದಿಲ್ಲ. ಕಷ್ಟವಿರುವುದು ಇಲ್ಲಿಯೇ. ಯಂತ್ರ ತಡೆದುಕೊಳ್ಳುವ ಬಿಸಿಲನ್ನು ಕೆಳಗೆ ನಿಂತ ಮನುಷ್ಯ ತಡೆದುಕೊಳ್ಳಲಾರ.

1996ರ ಡಿಸೆಂಬರಿನಲ್ಲಿ ಆರಂಭವಾದ ಏರೋ ಇಂಡಿಯಾ 2025ರ ಫೆಬ್ರುವರಿಯಲ್ಲಿ ಹದಿನೈದನೆಯ ಬಾರಿ ನಡೆಯಿತು. ಬೀದರಿನಲ್ಲಿ ನೆಲೆಸಿರುವ ವಾಯುಪಡೆಯ ಸೂರ್ಯಕಿರಣ ತಂಡ, ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ ಧ್ರುವ ಹೆಲಿಕಾಪ್ಟರುಗಳ ಸಾರಂಗ ತಂಡ, ಇಲ್ಲಿಯೇ ಹುಟ್ಟಿದ ತೇಜಸ್ ಇವೆಲ್ಲ ಅಲ್ಲಿ ಕನ್ನಡಿಗರ ಕಣ್ಣು ತಣಿಸಿವೆ. ಆದರೆ 2019ರ ಫೆಬ್ರುವರಿ 23ರಂದು ಅಲ್ಲಿಯ ವಾಹನ ನಿಲುಗಡೆಯ ಬಯಲಿನಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರುಗಳು ಸುಟ್ಟುಹೋದವು. ಪ್ರಾಣಹಾನಿಯಾಗದ್ದು ಪುಣ್ಯ. ಚೆನ್ನೈ ನಗರಕ್ಕೆ ಆ ಪುಣ್ಯವಿರಲಿಲ್ಲ. 2024ರ ಅಕ್ಟೋಬರ್ 6ರಂದು ಮರೀನಾ ಕಡಲತೀರದಲ್ಲಿ ಬೆಳಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ ವಾಯುಪಡೆಯ ಪ್ರದರ್ಶನ ನಡೆಯಿತು. ಲಕ್ಷಗಟ್ಟಲೆ ಜನ ನೆರೆದಿದ್ದರು. ನೆರಳಿಲ್ಲ, ಹತ್ತಿರದಲ್ಲಿ ನೀರಿಲ್ಲ, ಹಿಂತಿರುಗಲು ದಾರಿಯಿಲ್ಲ. ಐವರು ಸತ್ತರು, ನೂರಾರು ಜನ ಬಳಲಿ ಕುಸಿದರು. ಬಿಸಿಲಿನ ಝಳವೇ ಕಾರಣವೆಂದು ಅಲ್ಲಿಯ ಆರೋಗ್ಯ ಸಚಿವರು ಹೇಳಿದರು. ಮನುಷ್ಯನ ಮೈ ತಂಪಾಗುವುದು ಬೆವರು ಆರಿದಾಗ. ತೇವ ತುಂಬಿದ ಕಡಲತೀರದ ಗಾಳಿಯಲ್ಲಿ, ಜನರ ಒತ್ತಿನಲ್ಲಿ, ಬೆವರು ಬೇಗ ಆರುವುದಿಲ್ಲ.

ತಾಳಗುಂದದಂಥ ಊರಿನ ಕುಟುಂಬವೊಂದು ಮುನ್ನೂರು ಕಿ.ಮೀ.ಗೂ ಹೆಚ್ಚು ದೂರ ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಪ್ರದರ್ಶನದ ಬಯಲು ಸೇರುವಾಗ ಅರ್ಧ ದಣಿದಿರುತ್ತದೆ. ಅಜ್ಜಿ ಇರುತ್ತಾರೆ, ತಂದೆಯ ಹೆಗಲ ಮೇಲೆ ಕೂಸು ಇರುತ್ತದೆ. ಅವರಿಗೆ ಬೇಕಾದದ್ದು ದೊಡ್ಡ ವ್ಯವಸ್ಥೆಯೇನಲ್ಲ: ಕುಡಿಯುವ ನೀರು, ಒಂದಿಷ್ಟು ನೆರಳು, ಹೊರಹೋಗಲು ತೆರೆದ ದಾರಿ, ಬಿಸಿಲೇರುವ ಮೊದಲೇ ಮುಗಿಯುವ ವೇಳಾಪಟ್ಟಿ. ಮನೆಯವರೂ ಟೋಪಿ, ಕೊಡೆ, ನೀರಿನ ಬಾಟಲಿಯನ್ನು ಬುತ್ತಿಯ ಜೊತೆಗೇ ಕಟ್ಟಿಕೊಳ್ಳಬೇಕು. ತಲೆ ಸುತ್ತಿತು, ಬೆವರು ನಿಂತಿತು, ಮಾತು ತೊದಲಿತು ಎಂದರೆ ಅದು ಬರೀ ಆಯಾಸವಲ್ಲ. ನೆರಳಿಗೆ ಒಯ್ದು, ಮೈಗೆ ನೀರು ತಟ್ಟಿ, ತಡಮಾಡದೆ ವೈದ್ಯರನ್ನು ಕರೆಯಬೇಕು.

ಬಲೂನಿನ ಚಾಲಕ ಹಾರುವ ಮುನ್ನ ಗಾಳಿಯ ಬಿಸಿಯನ್ನು ಅಳೆಯುತ್ತಾನೆ. ಹೊರಗೆ ಕಾದಿದ್ದರೆ ಬುಟ್ಟಿಯಲ್ಲಿ ಜನರನ್ನು ಕಡಿಮೆ ಮಾಡುತ್ತಾನೆ, ಇಲ್ಲವೆ ಆ ದಿನ ಹಾರುವುದನ್ನೇ ಬಿಡುತ್ತಾನೆ. ಬುಟ್ಟಿಯಲ್ಲಿರುವ ನಾಲ್ಕು ಜನರಿಗಾಗಿ ಮಾಡುವ ಈ ಲೆಕ್ಕವನ್ನು ಕೆಳಗೆ ನಿಂತ ಲಕ್ಷ ಜನರಿಗಾಗಿಯೂ ಯಾರಾದರೂ ಮಾಡಬೇಕು. ಹನ್ನೊಂದು ಗಂಟೆಯ ಬಾನು ಹದ್ದಿಗೆ ಹಿತ. ಮಕ್ಕಳು ಮರಿಗಳು ಅಷ್ಟು ಹೊತ್ತಿಗೆ ಆಟ ನೋಡಿ ಮುಗಿಸಿ, ನೆರಳು ಸೇರಿರಬೇಕು.